ಅರ್ಧ ಗುಲಗಂಜಿ

ಬೆಳಗಿನ ಆರರ ಪಾಳಿ. ಹೊಸೂರು, ಸಿಪ್‌ಕಾಟ್.
ಒಳಗೆ ಕಾಲಿಡುವ ಮುಂಚೆ ಮೈಮೇಲಿನ ಚಿನ್ನ
ಕಳಚಿಡಬೇಕು ಉಕ್ಕಿನ ಡಬ್ಬಿಗೆ:
ಓಲೆ, ಮೂಗುಬೊಟ್ಟು, ತಾಳಿ ಕೂಡ.
ತಾಳಿಗಾಗಿ ಮೊದಮೊದಲು ಜಗಳವಾಗಿತ್ತಂತೆ. ಈಗ ರೂಢಿ.
ಡಬ್ಬಿಯ ಮೇಲೆ ಹೆಸರು ತಮಿಳಿನಲ್ಲಿ;
ನನ್ನ ಹೆಸರನ್ನು ನಾನು ತಮಿಳಿನಲ್ಲಿ ಓದಲು ಕಲಿತದ್ದೇ ಹಾಗೆ.

ವನರೋಜಾಳ ಡಬ್ಬಿ ಅಲ್ಲಾಡಿಸಿದರೂ ಸದ್ದಿಲ್ಲ.
‘ನಂದು ಬಾಗಲೂರು ರೋಡಿನ ಸೇಟು ಅಂಗ್ಡೀಲಿ
ಮಲಗೈತೆ ಅಕ್ಕ, ಬಡ್ಡಿ ಹೊದ್ಕೊಂಡು.’
ಕತ್ತಲ್ಲಿ ದಾರ, ದಾರದಲ್ಲೊಂದು ಅರಿಶಿನದ ಕೊಂಬು.
ಲೋಹವಲ್ಲವಲ್ಲ,
ಸೆಲ್ವಮಣಿ ಸಾರ್ ಗೋಡೆ ನೋಡುತ್ತಾರೆ.

ಒಳಗೆ ಚಿನ್ನ ಕುದಿಯುತ್ತದೆ.
ಹಳದಿ ನೀರಿಗೆ ನಿಂಬೆಸತ್ವದ ಹುಡಿ ಬಿದ್ದೊಡನೆ
ಬಣ್ಣ ಹೋಗುತ್ತದೆ, ಏನೂ ಇಲ್ಲದಂತೆ;
ಆಮೇಲೆ ಶಾಯಿ, ಆಮೇಲೆ
ಬೇರಿಕೆಯ ಹಸಿರುಮನೆಗಳಲ್ಲಿ ಹುಡುಗಿಯರು ಮುಳ್ಳು ಸವರುವ
ಆ ತಾಜ್‌ಮಹಲ್ ಗುಲಾಬಿಯ ಕೆಂಪು.
ಚಿನ್ನವೆಂದು ಯಾರೂ ನಂಬುವುದಿಲ್ಲ.
ಸೇಟು ಖಂಡಿತ ನಂಬುವುದಿಲ್ಲ.

ನನ್ನ ಕೆಲಸ ಉಪ್ಪು ಹಾಕುವುದು.
ಹತ್ತು ಪುಟ್ಟ ನಳಿಗೆ, ಹತ್ತರಲ್ಲೂ ಕೆಂಪು,
ಒಂದೊಂದಕ್ಕೂ ಉಪ್ಪುನೀರಿನ ಹನಿ.
ಹೊದಿಕೆ ಸಾಲದ ಕಣಗಳು ಒಂದಕ್ಕೊಂದು ಅಂಟಿ
ನೀಲಿಗಟ್ಟುತ್ತವೆ, ಹೆಪ್ಪುಗಟ್ಟಿದ ಪೆಟ್ಟಿನ ಹಾಗೆ.
ಹೊದ್ದವು ಕೆಂಪಾಗಿಯೇ ನಿಲ್ಲುತ್ತವೆ.
ಎಷ್ಟು ಹೊದಿಸಬೇಕೆಂದು ಬರೆದು ಕೊಡುತ್ತೇನೆ. ಅಷ್ಟೇ.

ಮುಂದಿನದು ವನರೋಜಾ ಮತ್ತು ಅವಳ ಯಂತ್ರ.
ಬಿಳಿ ಗಾಜುನಾರಿನ ಪಟ್ಟಿಯ ಮೇಲೆ ಸೂಜಿ ನಡೆಯುತ್ತದೆ
ಇರುವೆಯಷ್ಟು ಜೋಪಾನವಾಗಿ.
ಬರೀ ಚಿನ್ನ ಹಾಕಿದರೆ ಒಣಗಿ ಕಚ್ಚಿಕೊಳ್ಳುತ್ತದೆ,
ಮತ್ತೆ ಏಳುವುದಿಲ್ಲ.
ಅದಕ್ಕೇ ಸಕ್ಕರೆ ಬೆರೆಸುತ್ತೇವೆ.
ಕೂರಬೇಕು, ಆದರೆ ನೀರು ಬಂದು ಕರೆದಾಗ
ಎದ್ದು ಹೋಗಬೇಕು.
‘ಹೆಣ್ಮಕ್ಕಳಿಗೆ ಹೇಳಿದಂಗೈತೆ’ ಅಂದಳು ಒಂದು ಸಲ,
ಮುಖಗವಸಿನೊಳಗೆ ನಕ್ಕಳೋ ಇಲ್ಲವೋ.

ಯಾವುದೋ ಊರಿನ ಬಚ್ಚಲಲ್ಲಿ ಯಾರೋ ಒಬ್ಬಳು
ಚಿಲಕ ಹಾಕಿ, ಉಸಿರು ಹಿಡಿದು,
ಈ ಚಿನ್ನ ತೆವಳಿ ಬಂದು ಗೆರೆಯಾಗುವುದನ್ನೇ ಕಾಯುತ್ತಾಳೆ.
ಬೇಕೆಂದೋ, ಬೇಡವೆಂದೋ.
ನಮಗೆ ಬರುವುದು ಪೆಟ್ಟಿಗೆಗಳ ಲೆಕ್ಕ.

ಆಡಿ ತಿಂಗಳಲ್ಲಿ ಒಂದು ದಿನ
ಇಡೀ ಲೀಟರು ನೀಲಿಯಾಯಿತು.
ಬುರುಡೆ ಸರಿಯಾಗಿ ತೊಳೆದಿಲ್ಲ, ಅಂದರು.
ತೊಳೆದವಳು ವನರೋಜಾ.
ಅವಳು ಕೇಳಿದ್ದು ಒಂದೇ: ‘ಇದರಾಗೆ ಚಿನ್ನ ಎಷ್ಟಿತ್ತು ಸಾರ್?’
ಸೆಲ್ವಮಣಿ ಸಾರ್ ಫೋನಿನಲ್ಲಿ ಗುಣಿಸಿದರು, ಭಾಗಿಸಿದರು,
‘ಐವತ್ತು ಮಿಲಿಗ್ರಾಂ.’
ಅವಳಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ,
ಅರ್ಧ ಗುಲಗಂಜಿ ಕಣೇ. ಅದೂ ಪೂರಾ ಇಲ್ಲ.

ತಳಿಯಲ್ಲಿ ನಮ್ಮ ಬೀದಿಯ ಆಚಾರಿ
ತಕ್ಕಡಿಯ ಒಂದು ತಟ್ಟೆಗೆ ಗುಲಗಂಜಿ ಹಾಕುತ್ತಿದ್ದ,
ಕೆಂಪು ಮೈ, ಕಪ್ಪು ಮೂತಿ;
ಇನ್ನೊಂದು ತಟ್ಟೆಯಲ್ಲಿ ಹಳದಿ.
ತೂಗುವ ಕಾಳಿನ ಬಣ್ಣಕ್ಕೇ ಚಿನ್ನ ತಿರುಗೀತೆಂದು
ಅವನಿಗೆ ಯಾರು ಹೇಳಬೇಕಿತ್ತು?

ಎರಡು ದಿನದ ಸಂಬಳ ಹಿಡಿದರು.
ನೀಲಿಯನ್ನು ಚೆಲ್ಲಲಿಲ್ಲ, ಕ್ಯಾನಿಗೆ ಸುರಿದು ಬೀಗ ಹಾಕಿದರು.
ಅದರಿಂದಲೂ ಚಿನ್ನ ಬರುತ್ತದಂತೆ.

ಸಂಜೆಯ ಬಸ್ಸು. ಕಿಟಕಿಗೆ ತಲೆಯಾನಿಸಿ
ನಿದ್ದೆಹೋಗಿದ್ದಾಳೆ, ಬಾಯಿ ತುಸು ತೆರೆದು.
ದಿನವಿಡೀ ಬೆವರಿಗೆ ನೆನೆದ ದಾರ
ಜಾರಿದೆ ಒಂದು ಪಕ್ಕಕ್ಕೆ.
ಅದು ಕೂತಿದ್ದ ಜಾಗದಲ್ಲಿ, ಕತ್ತಿನ ಸುತ್ತ,
ಒಂದು ಹಳದಿ ಗೆರೆ.
ಉಪ್ಪು ತಗುಲಿಯೂ ಬಣ್ಣ ಬದಲಾಗಿಲ್ಲ.
ಅಭ್ಯಾಸಬಲ, ನೋಡುತ್ತ ಕೂತೆ
ಪೂರ್ತಿ ಐದು ನಿಮಿಷ.