ಚುಕ್ಕೆ

ತಡಿಯಂಡಮೋಳು ಇಳಿದು ಬಂದಾಗ ಮೊಣಕಾಲು
ನಿನ್ನದಲ್ಲ ನಾನು ಅನ್ನುತ್ತಿತ್ತು.
ಕಕ್ಕಬ್ಬೆಯ ತಿರುವಿನಲ್ಲಿ ಚೋಂದಮ್ಮ
ಬೆಲ್ಲದ ಕಾಫಿ ಕೊಟ್ಟು, ಒದ್ದೆ ಕೈ ಒರೆಸಿ
ಎದುರಿಗೇ ಕೂತರು:
'ತೋರಿಸು, ಎಷ್ಟು ಬೇಟೆ?'

ಇನ್ನೂರ ಹದಿನಾಲ್ಕು.
ನಾಯಿಬೆನ್ನಿನಂತೆ ಗಾಳಿಗೆ ರೋಮ ನಿಮಿರಿಸಿದ ಹುಲ್ಲುಗುಡ್ಡ,
ಅದರ ಮಡಿಕೆಯಲ್ಲಿ ಅವಿತ ಕಾಡು,
ಬಂಡೆಯ ಮೇಲೆ ನನ್ನದೇ ಬೂಟು, ಮೂರು ಸಲ, ಯಾಕೋ.
ತುದಿಯಲ್ಲಿ ಖುಷಿಗೆ ಸುಮ್ಮನೆ ಕೂಗಿದ್ದೆ;
ಕೂಗು ಫೋಟೋದಲ್ಲಿ ಬಂದಿಲ್ಲ.
ಅವರು ಬೆರಳಲ್ಲಿ ಸರ್ರನೆ ಸರಿಸುತ್ತ
'ಚಂದ, ಚಂದ' ಎಂದರು,
ನೆಂಟರ ಮಗುವನ್ನು ಹೊಗಳುವ ಹಾಗೆ.

ಕಣಿವೆ ಬಂದಾಗ ನಿಂತರು.
ಎರಡು ಬೆರಳಿಟ್ಟು ಹಿಗ್ಗಿಸಿದರು:
ಸಿಲ್ವರ್ ಓಕ್ ಸಾಲು, ತುಂಡು ರಸ್ತೆ,
ಕಾಫಿ ಹರವಿದ ಕಣ, ಉಗುರಿನಷ್ಟು.
ಕಣದ ಅಂಚಿಗೊಂದು ಚುಕ್ಕೆ.
'ಇದು ನಾನು.'

ನಾನು ನಕ್ಕೆ. ಅವರು ನಗಲಿಲ್ಲ.
'ಹನ್ನೊಂದು ಗಂಟೆ ಅಲ್ವಾ? ಕಾಲಲ್ಲಿ ಕಾಫಿ ತಿರುವುತ್ತಿದ್ದೆ.
ಮೇಲೆ ಏನೋ ಫಳ್ ಅಂತು. ಗಾಜೋ, ಸ್ಟೀಲ್ ಲೋಟವೋ.
ಯಾರಪ್ಪಾ ಈ ಪುಣ್ಯಾತ್ಮ ಅಂದುಕೊಂಡೆ.'

ಚಿತ್ರದ ಸಮಯ ನೋಡಿದೆ: ಹನ್ನೊಂದು ಏಳು.

ಉಳಿದ ಇನ್ನೂರ ಹದಿಮೂರನ್ನು
ಕೇಳಿದವರಿಗೆಲ್ಲ ತೋರಿಸುತ್ತೇನೆ, ಕೇಳದವರಿಗೂ.
ಇದೊಂದು ವಿರಾಜಪೇಟೆಯ ತಂಗಿಗೆ ಹೋಗಬೇಕಂತೆ.
'ಬೆಟ್ಟ ಗಿಟ್ಟ ಬೇಡ, ಚುಕ್ಕೆ ದೊಡ್ಡದು ಮಾಡು.'
ಮಾಡಿದಷ್ಟೂ ಚೌಕ ಚೌಕವಾಗಿ ಒಡೆಯಿತು.
ಕೊನೆಗೆ ಉಳಿದದ್ದು
ಬಿಸಿಲಲ್ಲಿ ಮೂರು ಬೂದು ಹಲಗೆ;
ಅದರಲ್ಲೊಂದು, ಅವರು ಹೇಳುವಂತೆ,
ಹಣೆಗೆ ಅಡ್ಡ ಹಿಡಿದ ಕೈ.