ಐವತ್ತು ಗ್ರಾಂ

ತಕ್ಕಡಿ ರಿಪೇರಿಯವನನ್ನು ವಿಮಾನಕ್ಕೆ ಯಾಕೆ ಕರೆದ
ಎಂದು ಗದ್ದನಕೇರಿ ಕ್ರಾಸ್ ದಾಟುವವರೆಗೂ ತಿಳಿಯಲಿಲ್ಲ.
ಮೋಟಾರು ಸುತ್ತುವ ದಾದಾಪೀರನ ಬೈಕಿನ ಹಿಂದೆ
ರೆಕ್ಕೆಯನ್ನು ಎದೆಗವಚಿ ಕೂತಿದ್ದೆ.
ಲಾರಿ ಎದುರಾದಾಗಲೆಲ್ಲ ಅದು ನನ್ನನ್ನೂ ಎಳೆದುಕೊಂಡು
ಹೊರಡಲು ನೋಡುತ್ತಿತ್ತು.

ಸೈಟು ಮಾರಾಟವಾಗದ ಲೇಔಟು.
ಅಡ್ಡರಸ್ತೆಗಳಿಗೆಲ್ಲ ನಂಬರುಂಟು, ಮನೆ ಒಂದೂ ಇಲ್ಲ.
ಮೂರನೇ ಕ್ರಾಸಿನ ಡಾಂಬರು ನೆಟ್ಟಗೆ ಹೋಗಿ
ಬಿಳಿಜೋಳದ ಹೊಲದಂಚಿಗೆ ಸುಮ್ಮನೆ ಮುಗಿಯುತ್ತದೆ.
ಅಟ್ಟದ ಮೇಲೆ ಕವಣೆ ಹಿಡಿದು ನಿಂತ ಹೆಂಗಸು
ನಮ್ಮನ್ನೂ ಹಕ್ಕಿಗಳ ಲೆಕ್ಕಕ್ಕೆ ಹಿಡಿದಂತೆ ನೋಡಿದಳು.

ಎರಡು ಸಲ ಬಿದ್ದೆದ್ದ ಜೆಟ್ಟು.
ಮೂಗಿಗೆ ಹೊಸ ಥರ್ಮೋಕೋಲು, ಹೊಟ್ಟೆಯ ಸೀಳಿಗೆ ಟೇಪು,
ಒಳಗೆ ಊದುವ ಫ್ಯಾನಿನ ಮೋಟಾರಿಗೆ ಅವನೇ ಸುತ್ತಿದ ತಂತಿ.
"ಏಳತೈತಿ ಕಾಕಾ. ಎದ್ದ ಕೂಡ್ಲೆ ಮೂಗ ಎತ್ತತೈತಿ,
ದಮ್ಮ ಕಟ್ಟಿ ಕುಸೀತೈತಿ.
ಟ್ರಿಮ್ ಒತ್ತಿ ಒತ್ತಿ ಹೆಬ್ಬೆರಳ ಸವದಾವ."

ರಿಮೋಟು ಮುಟ್ಟಲಿಲ್ಲ ನಾನು.
ರೆಕ್ಕೆಯ ಮುಂದಿನ ಅಂಚಿನಿಂದ ಎಂಬತ್ತೈದು ಮಿಲಿಮೀಟರಿಗೆ
ಅವನು ಪೆನ್ನಿನಲ್ಲಿಟ್ಟ ಎರಡು ಚುಕ್ಕೆ.
ಅಲ್ಲಿಗೆ ಎರಡು ತೋರುಬೆರಳು ಕೊಟ್ಟು ಎತ್ತಿದೆ.
ಎಣ್ಣೆಗಾಣ, ಬೆಲ್ಲದಂಗಡಿ, ಅಕ್ಕಸಾಲಿಗರ ಕಟ್ಟೆ, ಮೂವತ್ತೊಂದು ವರ್ಷ:
ದಂಡ ಎಲ್ಲಿ ಸುಳ್ಳು ಹೇಳುತ್ತದೆಂದು
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತು.
ಬಾಲ ಮೆಲ್ಲಗೆ ಬಾಗಿತು,
ತೂಗುವಾಗ ಪರಡಿಗೆ ತಾಗುವ ಕಿರುಬೆರಳಿನಷ್ಟು.

"ಈ ಸಲ ದಪ್ಪ ತಂತಿ ಸುತ್ತೀಯೇನಲೇ?"
ಅವನು ಬೈಕಿನ ಕಡೆ ನೋಡಿದ.
ಇಂಥದಕ್ಕೆ ಟ್ರಿಮ್ ಒತ್ತುವುದೆಂದರೆ
ಸುಳ್ಳು ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತಿದಂತೆ.

ಬ್ಯಾಟರಿ ಮುಂದೆ ಸರಿಸಿದೆವು. ಇನ್ನು ಜಾಗವಿಲ್ಲ.
ಕಿಸೆಯಿಂದ ಹಿತ್ತಾಳೆಯ ಬಟ್ಟು ತೆಗೆದೆ, ಐವತ್ತು ಗ್ರಾಂ,
ತಳದಲ್ಲಿ ಸರ್ಕಾರಿ ಮುದ್ರೆ.
ಎಲೆಕ್ಟ್ರಾನಿಕ್ ಕಾಟಾ ಬಂದಂದಿನಿಂದ
ಅದು ನನ್ನ ಕಿಸೆ ಬಿಟ್ಟು ಎಲ್ಲೂ ಕೂತಿರಲಿಲ್ಲ.
ಮೂಗಿನ ಟೊಳ್ಳಿಗಿಟ್ಟು ಬಿಸಿ ಗಮ್ಮು ಸುರಿದ.
ಮತ್ತೆ ಎತ್ತಿದೆ. ಮೂಗು ಒಂದೆಳ್ಳು ಕೆಳಗೆ.
ಹಾಗೇ ಇರಲಿ ಎಂದೆ.

ಮುಂದಿನದು ಅವನ ಕೆಲಸ.
ಕಡ್ಡಿ ಎಡಕ್ಕೆ, ಎಡರೆಕ್ಕೆಯ ಹಲಗೆ ಮೇಲೆ;
ತನ್ನ ಕಡೆ ಎಳೆದರೆ ಬಾಲದ ಹಲಗೆ ಮೇಲೆ.
ಮೊದಲ ಸಲ ಇದು ಉಲ್ಟಾ ಇತ್ತಂತೆ. ನಕ್ಕು ಹೇಳಿದ,
ಆದರೆ ಮೂರು ಸಲ ನೋಡಿದ.

ಮೂಡಗಾಳಿಗೆ ಮುಖ ಕೊಟ್ಟು ಓಡಿತು.
ಶಿಳ್ಳೆ ಕಿರುಚಾಯಿತು. ಕ್ರಾಸು ಮುಗಿಯುವ ಮೊದಲೇ
ನೆರಳು ಡಾಂಬರಿನಿಂದ ಬಿಡಿಸಿಕೊಂಡು ಜೋಳಕ್ಕೆ ಬಿತ್ತು.
ತುಸು ಬಲಕ್ಕೆ ವಾಲುತ್ತಿತ್ತು.
ಟಿಕ್. ಟಿಕ್.
ನಿಂತು, ಇನ್ನೊಂದು.
ಆಮೇಲೆ ಅವನು ಎರಡೂ ಹೆಬ್ಬೆರಳು ಕಡ್ಡಿಯಿಂದೆತ್ತಿ
ನನ್ನ ಮುಖದ ಮುಂದೆ ಹಿಡಿದ,
ಲಂಚ ಮುಟ್ಟಿಲ್ಲ ಎನ್ನುವ ನೌಕರನಂತೆ.

ಯಾರೂ ಹಿಡಿಯದ ಜೆಟ್ಟು
ದೂರದ ಹಿನ್ನೀರಿನ ಹೊಳಪಿನ ಕಡೆ
ಹಗ್ಗ ಕಟ್ಟಿ ಎಳೆದ ಹಾಗೆ ಹೋಯಿತು.
ಏಳು ಸೆಕೆಂಡು. ಎಣಿಸಿದೆ.
ಸರಿಯಿದ್ದ ತಕ್ಕಡಿಯನ್ನು ನೋಡು ಎಂದು
ಈವರೆಗೆ ಯಾರೂ ನನ್ನನ್ನು ಕರೆದಿರಲಿಲ್ಲ.

ಫ್ಲ್ಯಾಪ್ ಬಿಟ್ಟಾಗ ಮೂಗು ಮತ್ತೆ ಎದ್ದಿತು, ಹೌದು.
ಇಳಿಯುವಾಗ ಒಂದು ಗಾಲಿ ಜಲ್ಲಿಗೆ ಸಿಕ್ಕಿ ಮುರಿಯಿತು.
'ಫ್ಲ್ಯಾಪಿಗೆ ಬಾಲ ಎರಡು ಮಿಲಿ ಕೆಳಗೆ'
ಎಂದು ಅಂಗೈಯಲ್ಲೇ ಬರೆದುಕೊಂಡ ದಾದಾಪೀರ.

ಅಟ್ಟದಿಂದಿಳಿದು ಅವಳು ಬಂದಳು, ಕವಣೆ ಹೆಗಲಿಗೆ.
ಬೈಯುತ್ತಾಳೆಂದು ನಾವಿಬ್ಬರೂ ಸುಮ್ಮನಾದೆವು.
"ನಾಳೇನೂ ಬರ್ತೀರೇನ್ರೀ? ಒಂದ ಗುಬ್ಬಿ ಉಳದಿಲ್ಲ ನೋಡ್ರಿ."
ಹಾಲುಗಾಳಿನ ಐದು ತೆನೆ ಮುರಿದುಕೊಟ್ಟಳು.

ಅಭ್ಯಾಸಬಲ. ಅಂಗೈಯಲ್ಲಿ ತೂಗಿ ನೋಡಿದೆ.
"ಎಷ್ಟ ಕಾಕಾ?" ಅಂದ.
ಹೇಳಲಿಲ್ಲ.