ಹೋಲಿಕೆಯ ಶಾಲೆ

ಪ್ರಶ್ನೆ ಹನ್ನೊಂದು:
ಕಳೆದ ಎರಡು ವಾರಗಳಲ್ಲಿ
ನಿನ್ನ ಮನಸ್ಸು ಎಷ್ಟು ದಿನ ಹಗುರಾಗಿತ್ತು?
ಒಂದೂ ಇಲ್ಲ, ಕೆಲವು, ಬಹಳ, ದಿನಾಲೂ.
ನಾಲ್ಕು ಚೌಕ. ಒಂದಕ್ಕೆ ಗುರುತು ಹಾಕು.

ಬ್ಯಾಡಗಿಯ ಫೆಬ್ರುವರಿ. ಗಾಳಿಯೆಲ್ಲ ಕೆಂಪು ಘಾಟು.
ಎಂಟನೇ ಇಯತ್ತೆಯ ನಲವತ್ತೊಂದು ಮಂದಿ ಸೀನುತ್ತಾರೆ,
ನಾನೂ ಸೀನುತ್ತೇನೆ.
ಕಣ್ಣೀರು ಯಾತಕ್ಕೆ ಬಂತೆಂದು
ಯಾರೂ ಯಾರನ್ನೂ ಕೇಳುವುದಿಲ್ಲ ಈ ಊರಲ್ಲಿ
ಮೆಣಸಿನಕಾಯಿಯ ಹಂಗಾಮು ಮುಗಿಯುವ ತನಕ.

ಈ ಶಾಲೆಗೆ ವಾರಕ್ಕೊಂದು ಪೀರಿಯಡ್ಡು:
ಬಣ್ಣದ ಪುಸ್ತಕ, ಉಸಿರಾಟ, ದುಂಡಗೆ ಕೂತು ಮಾತು,
ಸಿಟ್ಟನ್ನು ಬಲೂನಿನೊಳಗೆ ಊದಿ ಗಂಟು ಹಾಕುವ ಆಟ.
ಹನ್ನೆರಡು ಕಿಲೋಮೀಟರ್ ಆಚೆಯ ಶಾಲೆಗೆ ಏನೂ ಇಲ್ಲ.
ಏನೂ ಇಲ್ಲದೆ ಇರುವುದೇ ಅದರ ಕೆಲಸ.
ಚೀಟಿ ಎತ್ತಿದವಳು ನಾನೇ,
ಧಾರವಾಡದ ಕಚೇರಿಯಲ್ಲಿ, ಸ್ಟೀಲಿನ ಡಬ್ಬಿಯಿಂದ.
ಅದರ ತಳದಲ್ಲಿ ಇನ್ನೂ ನಾಲ್ಕು ಕಾಳು ಚುರಮುರಿ ಇತ್ತು.

ವರ್ಷದ ಮೇಲೆ ಮತ್ತೆ ಹೋದೆ, ಅವೇ ಚೌಕ ಹೊತ್ತು.

ಬ್ಯಾಡಗಿಯಲ್ಲಿ ಅಂಕ ಇಳಿದಿತ್ತು.
ಬಡಿಗೇರ ಮಾಸ್ತರರು ಮುಖ ಸಣ್ಣದು ಮಾಡಿದರು:
"ಹಿಂಗ ಹೆಂಗಾತ್ರಿ? ನಾ ಒಂದು ಪೀರಿಯಡ್ಡೂ ಬಿಟ್ಟಿಲ್ಲ."
ಶಾಹಿನಾ ನದಾಫಳ ಹಾಳೆ ತೆಗೆದೆ.
ಹೋದ ವರ್ಷ ಎಲ್ಲಕ್ಕೂ 'ದಿನಾಲೂ',
ಮಾರ್ಕೆಟ್ಟಿನ ಚೀಲಗಳಂತೆ ಸಾಲಾಗಿ, ನೆಟ್ಟಗೆ.
ಈ ವರ್ಷ ಬರೆದು, ಅಳಿಸಿ, ಮತ್ತೆ ಬರೆದು
ಹಾಳೆ ಒಂದು ಕಡೆ ತೂತು.
"ಹೋದ ವರ್ಷ ಸುಳ್ಳ ಬರದಿದ್ದೇನವ್ವಾ?"
"ಸುಳ್ಳಲ್ರಿ ಅಕ್ಕಾರ. ಆವಾಗ
ರಾತ್ರಿ ಹನ್ನೊಂದರ ತನಾ ತೊಟ್ಟು ಬಿಡಿಸಿ ಕೈ ಉರೀತಿತ್ತು.
ಉರಿ ಅಂದ್ರ ಕೈಯಾಗಿಂದು ಅಷ್ಟ ಅಂತ ತಿಳಕೊಂಡಿದ್ದೆ."

ಇದಕ್ಕೆ ಎಷ್ಟು ಅಂಕ ಕಳೆಯಲಿ, ಎಷ್ಟು ಕೂಡಿಸಲಿ?

ಹೋಲಿಕೆಯ ಶಾಲೆಯಲ್ಲಿ ಅಂಕ ಏರಿತ್ತು.
ಮೂರು ಸಲ ಕೂಡಿಸಿದೆ. ಏರಿತ್ತು.
ಯಾವ ಸಂಸ್ಥೆ ಬಂತು ಇಲ್ಲಿಗೆ? ಯಾವ ಪುಸ್ತಕ?
ಹೆಡ್‌ಮಾಸ್ತರರು ದಾಸ್ತಾನು ಬುಕ್ಕು ತಿರುವಿದರು:
ಸೀಮೆಸುಣ್ಣ, ಕಸಬರಿಗೆ, ಖೋಖೋ ಕಂಬ ಒಂದು.
ಹೊರಗೆ ಟಾಕಿಯ ನೆಳಲಲ್ಲಿ ಹುಡುಗಿಯರು
ನೀ ಹೇಳು, ನೀ ಹೇಳು ಎಂದು ದಬ್ಬಾಡಿದರು.
ಕಡೆಗೆ ಗಂಗೂ ಕರಿಯಣ್ಣವರ, ನೆಲ ನೋಡುತ್ತ:
"ಪಾಯಖಾನಿ ಬಾಗಲಕ್ಕ ಚಿಲಕ ಹಾಕ್ಯಾರ್ರಿ.
ಮೊದಲ ಒಬ್ಬಾಕಿ ಒಳಗ, ಒಬ್ಬಾಕಿ ಹೊರಗ ಹಿಡಕೊಂಡು ನಿಂದರ್ತಿದ್ವಿ.
ಈಗ ನೀರು ಕುಡೀತೀವಿ."

ಚಿಲಕಕ್ಕೆ ನನ್ನ ನಮೂನೆಯಲ್ಲಿ ಚೌಕವಿಲ್ಲ.
ವರದಿಯಲ್ಲಿ ಅದು 'ಇತರೆ ಅಂಶಗಳು'.

"ಈ ಹಾಳಿ ಒಯ್ದು ಏನ ಮಾಡ್ತೀರಿ?"
ಹೋಲಿಸತೀವಿ.
"ಯಾರ ಕೂಡ?"
ಬ್ಯಾಡಗಿಯವರ ಕೂಡ.
"ಅವರಿಗೆ ಏನ ಕೊಟ್ಟೀರಿ?"
ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಬಲೂನು, ಅಂದೆ.
ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.
ಆ ನಗು ಯಾವ ಶಾಲೆಯ ಲೆಕ್ಕಕ್ಕೆ?

ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು.
ತೊಡೆಯ ಮೇಲೆ ಎರಡು ಕಟ್ಟು ಹಾಳೆ, ಬೇರೆ ಬೇರೆ ದಾರ.
ಬಾಟಲಿ ತೆಗೆದೆ. ಬೆಳಗ್ಗೆ ತುಂಬಿದ್ದು
ತುಂಬಿದ ಹಾಗೇ ಇತ್ತು.
ಶಾಲೆಗಳಿಗೆ ಹೋಗುವ ದಿನ ನಾನು ನೀರು ಕುಡಿಯುವುದಿಲ್ಲ,
ಹನ್ನೆರಡು ವರ್ಷದ ರೂಢಿ.
ಯಾರೂ ಕೇಳಿರಲಿಲ್ಲ.
ನಾನೂ ಎಲ್ಲಿಯೂ ಬರೆದಿರಲಿಲ್ಲ.